ನೊಗ ಇಳಿಸುವ ಸೋಮವಾರ

ಒಗೆದು, ಹಿಂಡಿ, ಹಗ್ಗಕ್ಕೆ ಹಾಕಿದ್ದ ಬಿಳಿ ಚಾದರ ಕಣ್ಣೆದುರೇ ಬೀದಿಯ ಮಸಿಗೆ ಬಿದ್ದಾಗ ಪಂಪಾವತಿಗೆ ಅಳು ಬರಲಿಲ್ಲ. ಸಿಟ್ಟು ಬಂತು.

ಅದು ಇಂಗ್ಲೆಂಡಿನ ಲೀಡ್ಸ್ ಪಟ್ಟಣ. ಸಾವಿರದ ಒಂಬೈನೂರ ಮೂವತ್ತೇಳರ ಚಳಿಗಾಲ. ಸೋಮವಾರ ಅಂದರೆ ಅಲ್ಲಿ ಬಟ್ಟೆ ಒಗೆಯುವ ದಿನ. ಈ ಮನೆಯಿಂದ ಆ ಮನೆಗೆ ಬೀದಿಗೆ ಅಡ್ಡವಾಗಿ ಹಗ್ಗ ಕಟ್ಟಿ, ಊರಿಗೆ ಊರೇ ತನ್ನ ಅಂಗಿ ಚಾದರಗಳನ್ನು ಒಣಹಾಕುತ್ತಿತ್ತು. ಅಂಥ ಬೀದಿಯಲ್ಲಿ ನೋಡಿಕೊಂಡು, ಬಗ್ಗಿ ನಡೆಯಬೇಕು. ಈ ಮನುಷ್ಯ ಮಾತ್ರ ಎರಡೂ ಕೈ ಕೋಟಿನ ಜೇಬಿನಲ್ಲಿಟ್ಟು, ಮೋಡ ನೋಡುತ್ತ ಬಂದವನು ನೇರವಾಗಿ ಅವಳ ಚಾದರದೊಳಗೆ ಹೊಕ್ಕಿದ್ದ. ಅರ್ಧ ಚಾದರ ಅವನ ತಲೆಯ ಮೇಲೆ, ಅರ್ಧ ನೆಲದ ಮೇಲೆ.

“ಕಣ್ಣು ಎಲ್ಲಿ ಇಟ್ಕೊಂಡು ಅಡ್ಡಾಡ್ತೀಯೋ ಮೂಳಾ...”

ಆ ಪರದೇಶದಲ್ಲಿ ಅವಳಿಗಿದ್ದ ಒಂದೇ ಸುಖ ಅದು. ಯಾರನ್ನು ಬೇಕಾದರೂ ಗಂಗಾವತಿಯ ಮಾತಿನಲ್ಲಿ ಬೈಯಬಹುದಿತ್ತು. ಬೈಸಿಕೊಂಡವರು ನಕ್ಕು, ಟೋಪಿ ಎತ್ತಿ ಹೋಗುತ್ತಿದ್ದರು.

ಆದರೆ ಇವತ್ತು ಒದ್ದೆ ಚಾದರದೊಳಗಿಂದ ಉತ್ತರ ಬಂತು.

“ಇಟಗಿಯೊಳಗ ಬಿಟ್ಟು ಬಂದೀನ್ರಿ ಬಾಯಾರ. ಎರಡೂ ಕಣ್ಣು ಅಲ್ಲೇ ಅದಾವ.”

ಪಂಪಾವತಿಯ ಕೈಯಲ್ಲಿದ್ದ ಬಟ್ಟೆಗೆ ಸಿಕ್ಕಿಸುವ ಮರದ ಚಿಮಟಿ ಜಾರಿ ಬಿತ್ತು. ಕನ್ನಡ. ಅದೂ ನಮ್ಮ ಕಡೆಯ ಕನ್ನಡ!

ಚಾದರ ಸರಿಸಿ ಹೊರಬಂದ ಮುಖ ಕಪ್ಪಗಿತ್ತು, ಅಗಲವಾಗಿತ್ತು. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೆಸರು ಕರಿಬಸಪ್ಪ. ಯಲಬುರ್ಗಾ ತಾಲೂಕಿನ ಇಟಗಿಯ ಒಕ್ಕಲುತನದ ಮನೆಯ ಹುಡುಗ. ಕೃಷಿಶಾಸ್ತ್ರ ಓದಲು ಬಂದವನು. ಬಂಡಿ ಕಟ್ಟಿದರೆ ಒಬ್ಬರ ಊರಿನಿಂದ ಇನ್ನೊಬ್ಬರ ಊರಿಗೆ ಹೋಗಿಬಿಡಬಹುದಾದಷ್ಟು ಹತ್ತಿರದವರು, ಏಳು ಸಮುದ್ರ ದಾಟಿ ಬಂದು ಒಂದು ಚಾದರದಡಿ ಭೇಟಿಯಾಗಿದ್ದರು.

ಈ ಓಣಿಗೆ ಯಾವ ಕೆಲಸಕ್ಕೆ ಬಂದಿದ್ದಿರಿ ಎಂದು ಅವಳು ಕೇಳಿದಳು.

“ಕೆಲಸಿಲ್ಲರಿ. ಇವತ್ತ ಸ್ವಾಮಾರ.”

ಅಷ್ಟರಲ್ಲೇ ಎಲ್ಲ ಹೇಳಿ ಮುಗಿಸಿದಂತಿತ್ತು ಅವನಿಗೆ. ಚಾದರವನ್ನು ಎತ್ತಿ, ಮಡಚಿ, ತಪ್ಪಾಯಿತು ಎಂದು ಅವಳ ಕೈಗಿಟ್ಟ. ಗೋಡೆಗೆ ಒರಗಿ ನಿಂತ. ಅವಳು ಮತ್ತೆ ನೀರು ಕಾಯಿಸಿದಳು, ಮತ್ತೆ ತಿಕ್ಕಿದಳು, ಮತ್ತೆ ಹಿಂಡಿದಳು. ಅವನು ಒಂದು ಬಕೆಟ್ ನೀರನ್ನೂ ಎತ್ತಿಕೊಡಲಿಲ್ಲ.

‘ಮಾತು ಛಲೋ ಅದಾವ. ಮೈ ಮಾತ್ರ ಸೋಮಾರಿ’ ಎಂದು ಅವಳು ಆವತ್ತೇ ಮನಸ್ಸಿನಲ್ಲಿ ಬರೆದುಕೊಂಡಳು.

ಪಾಪ, ಅವಳದೇನು ತಪ್ಪು? ಅವಳ ಬದುಕು ಅವಳನ್ನು ಹಾಗೆ ನೋಡಲು ಕಲಿಸಿತ್ತು.

ಪಂಪಾವತಿ ಗಂಗಾವತಿಯ ಅಕ್ಕಿ ವ್ಯಾಪಾರಿ ಅಮರಪ್ಪನ ಮಗಳು. ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ, ನಿಜಾಮ ಸರಕಾರದ ವಿದ್ಯಾರ್ಥಿವೇತನದ ಮೇಲೆ ಶಿಕ್ಷಣಶಾಸ್ತ್ರ ಓದಲು ಬಂದಿದ್ದಳು. ಅಪ್ಪ ಇನ್ನಷ್ಟು ಕಳಿಸುತ್ತೇನೆ ಎಂದರೂ ಬೇಡ ಎಂದಿದ್ದಳು. ಹೆಣ್ಣುಮಗಳ ಓದಿಗೆ ಅಂಗಡಿ ಕರಗಿತು ಎಂದು ಊರು ಆಡಿಕೊಳ್ಳಬಾರದಲ್ಲ. ಅದಕ್ಕೇ ಮನೆಯೊಡತಿ ಮಿಸೆಸ್ ಹಾರ್ಗ್ರೀವ್ ಜೊತೆ ಒಂದು ಒಪ್ಪಂದ ಆಗಿತ್ತು. ಆ ಮನೆಯ ಅಷ್ಟೂ ಬಾಡಿಗೆಯವರ ಬಟ್ಟೆ ಪಂಪಾವತಿ ಒಗೆಯುವುದು, ಅದರ ಬದಲಿಗೆ ಮಾಳಿಗೆಯ ಮೇಲೊಂದು ಕೋಣೆ. ಗಂಗಾವತಿಯಲ್ಲಿ ಒಂದು ಕರವಸ್ತ್ರವನ್ನೂ ಒಗೆಯದ ಕೈ ಅದು. ಈಗ ಬೆರಳ ಗಿಣ್ಣುಗಳು ಸೀಳಿದ್ದವು.

ಹೊರಡುವ ಮುಂಚೆ ಹಿರಿಯ ಅಧಿಕಾರಿಯೊಬ್ಬರು ಅಪ್ಪನೆದುರು ಹೇಳಿದ ಮಾತು ಅವಳ ಕಿವಿಯಿಂದ ಹೋಗಿರಲಿಲ್ಲ. ಈಕೆ ಪಾಸಾಗಿ ಬಂದರೆ ಕೊಪ್ಪಳದ ಕಡೆಯ ಹೆಣ್ಣುಮಕ್ಕಳಿಗೆ ಒಂದು ಬಾಗಿಲು ತೆರೆಯುತ್ತದೆ. ಫೇಲಾದರೆ, ಇಲ್ಲವೇ ಈಕೆಯ ಮೇಲೆ ಏನಾದರೂ ಮಾತು ಬಂದರೆ, ಆ ಬಾಗಿಲು ಮುಚ್ಚಿತೆಂದೇ ತಿಳಿಯಿರಿ.

ಅಂದಿನಿಂದ ಅವಳು ಓದಲು ಕೂತರೆ ಹಿಂದೆ ಯಾರೋ ಸಾಲಾಗಿ ನಿಂತಂತೆ ಅನಿಸುತ್ತಿತ್ತು. ಚಿಕ್ಕಮ್ಮನ ಮಗಳು, ಎದುರು ಮನೆಯ ಹುಡುಗಿ, ಕೊಡ ಹೊತ್ತು ಹೊಳೆಗೆ ಹೋಗುವ ಗೆಳತಿಯರು... ಎಲ್ಲರೂ ಇವಳ ಬೆನ್ನನ್ನೇ ನೋಡುತ್ತಿದ್ದರು.

‘ನಾ ಮಲಗಿದರ ಅವರೆಲ್ಲ ಹೊರಗ ಉಳೀತಾರ.’

ಹಾಗಾಗಿ ಅವಳು ಮಲಗುತ್ತಿರಲಿಲ್ಲ. ಭಾನುವಾರ ಊರಿಗೆಲ್ಲ ರಜೆ ಇದ್ದರೂ ಅವಳಿಗಿಲ್ಲ. ಜೊತೆಯವರು ಹಸಿರು ಗುಡ್ಡ ನೋಡಲು ಹೊರಟರೆ ಅವಳು ಪುಸ್ತಕ ತೋರಿಸಿ ಕ್ಷಮೆ ಕೇಳುತ್ತಿದ್ದಳು.

ಇನ್ನು ಕರಿಬಸಪ್ಪ. ಪ್ರತಿ ಸೋಮವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ ಅವನು ಆ ಓಣಿಗೆ ಬರತೊಡಗಿದ. ಬರುವಾಗ ಒಂದು ಸಣ್ಣ ಡಬ್ಬಿಯಲ್ಲಿ ಅಗಸಿ ಹಿಂಡಿ ತರುತ್ತಿದ್ದ. ಅವನವ್ವ ಕಟ್ಟಿಕೊಟ್ಟ ಅಗಸೆಬೀಜದ ಚಟ್ನಿಪುಡಿ ಅದು. ಇಂಗ್ಲೆಂಡಿನ ಬ್ರೆಡ್ಡಿಗೆ ಅದನ್ನು ಹಚ್ಚಿ ಗೋಡೆಯ ಮೇಲಿಡುತ್ತಿದ್ದ. ಅವಳು ಬಟ್ಟೆ ಹಿಂಡುತ್ತ, ನಡುವೆ ಕೈ ಒರೆಸಿಕೊಂಡು ತಿನ್ನುತ್ತಿದ್ದಳು. ಅವನು ಊರ ಸುದ್ದಿ ಹೇಳುತ್ತಿದ್ದ. ತಮ್ಮೂರ ಗುಡಿಯ ಕನ್ನಡಿಯಂಥ ನುಣುಪು ಕಂಬಗಳಲ್ಲಿ ಮುಖ ನೋಡಿಕೊಂಡು ಪಟಕಾ ಸುತ್ತಿಕೊಳ್ಳುವ ಮುದುಕರ ಸುದ್ದಿ, ಸಂತೆಯಲ್ಲಿ ತನ್ನ ಎಮ್ಮೆಯನ್ನೇ ತಾನು ಮರಳಿ ಕೊಂಡವನ ಸುದ್ದಿ. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

ನಕ್ಕ ಮೇಲೆ ಹೆದರಿಕೆ. ಇಷ್ಟು ಹೊತ್ತಿನಲ್ಲಿ ಒಂದು ಅಧ್ಯಾಯ ಮುಗಿಯುತ್ತಿತ್ತಲ್ಲ...

ಹಾಗಿದ್ದೂ, ಕೈ ಸೀಳುವ ಆ ಸೋಮವಾರವೇ ಅವಳು ವಾರವೆಲ್ಲ ಕಾಯುವ ದಿನವಾಯಿತು. ಯಾವಾಗ ಆಯಿತು, ಹೇಗೆ ಆಯಿತು, ಅವಳಿಗೂ ತಿಳಿಯಲಿಲ್ಲ.

ಒಮ್ಮೆ ಅವನು ಕರೆದ. ಕಾಲುವೆಯ ದಂಡೆಯ ಮೇಲೆ ಒಂದು ಕಲ್ಲುಬೆಂಚಿದೆ, ಬಂದು ಸುಮ್ಮನೆ ಕೂತು ಹೋಗಿ ಎಂದ. ಅವಳು ತಲೆಯಾಡಿಸಿದಳು. ನನಗೆ ಪುರಸೊತ್ತಿಲ್ಲ, ಪರೀಕ್ಷೆ ಮುಗಿಯಲಿ ಎಂದಳು.

“ಬಾಯಾರ, ನಮ್ಮ ಕಡೆ ಸ್ವಾಮಾರ ಎತ್ತಿನ ಹೆಗಲ ಮ್ಯಾಲೆ ನೊಗ ಇಡೂದಿಲ್ಲ. ನಿಮಗ ಗೊತ್ತಿಲ್ಲೇನು?”

“ಗೊತ್ತೈತಿ. ನಮ್ಮದು ಅಂಗಡಿ ಮನಿ. ತಕ್ಕಡಿಗೆ ಸ್ವಾಮಾರ ಇಲ್ಲ. ಮತ್ತ ನಾವೇನು ಎತ್ತಲ್ಲಲ್ಲ.”

“ಎತ್ತಿಗಿಂತ ಕಡಿಮಿ ಅಂತೀರೇನು?”

ಅವಳು ಬಕೆಟ್ಟಿನತ್ತ ಬಗ್ಗಿದಳು. ಹೊರಗೆ ಕರೆದನಲ್ಲ ಎಂಬ ನಾಚಿಕೆ ಒಂದು ಕಡೆ. ಇಂಥವನನ್ನು ನಂಬಬಹುದೇ ಎಂಬ ಅನುಮಾನ ಇನ್ನೊಂದು ಕಡೆ. ಸರಕಾರದ ಅನ್ನ ತಿಂದು ಮೋಡ ನೋಡುವವನು...

ನೋಡಿ, ಅವಳು ಅವನನ್ನು ಕಂಡದ್ದು ಸೋಮವಾರ ಮಾತ್ರ. ಉಳಿದ ದಿನ ಅವನು ನಸುಕಿನಲ್ಲೇ ಎದ್ದು ಊರಾಚೆಯ ಡೇರಿಯಲ್ಲಿ ಹಸುಗಳ ಹಾಲು ಹಿಂಡುತ್ತಿದ್ದ, ಕೊಟ್ಟಿಗೆ ಬಳಿಯುತ್ತಿದ್ದ. ಆಮೇಲೆ ತರಗತಿ, ಆಮೇಲೆ ಗ್ರಂಥಾಲಯ. ಊರು ಚರ್ಚಿಗೆ ಹೋಗುವ ಭಾನುವಾರವೂ ಅವನಿಗೆ ದುಡಿಮೆಯೇ. ಇದನ್ನು ಅವನು ಹೇಳಿಕೊಳ್ಳಲಿಲ್ಲ. ಅವಳು ಕೇಳಲಿಲ್ಲ. ಹೀಗಾಗಿ ಅವಳ ಕಣ್ಣಿಗೆ ಅವನು ಏಳೂ ದಿನ ಖಾಲಿ ಮನುಷ್ಯ.

ಮೂವತ್ತೊಂಬತ್ತರ ವಸಂತ ಬಂತು. ಪರೀಕ್ಷೆ ಹತ್ತಿರವಾಯಿತು. ಪಂಪಾವತಿಗೆ ಕೆಮ್ಮು ಹಿಡಿಯಿತು.

ಆ ಸೋಮವಾರ ಅವಳು ಹಿತ್ತಲ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ಮುಂದೆ ಒದ್ದೆ ಬಟ್ಟೆಯ ಗುಡ್ಡೆ. ಪಕ್ಕದಲ್ಲಿ ಬಟ್ಟೆ ಹಿಂಡುವ ಯಂತ್ರ. ಎರಡು ಮರದ ಉರುಳೆಗಳ ನಡುವೆ ಬಟ್ಟೆ ತೂರಿಸಿ, ಕಬ್ಬಿಣದ ಹಿಡಿ ತಿರುಗಿಸಬೇಕು. ಅದನ್ನು ತಿರುಗಿಸುವ ಶಕ್ತಿ ಅವಳ ತೋಳಿನಲ್ಲಿ ಉಳಿದಿರಲಿಲ್ಲ. ಬೆಳಗಾದರೆ ಪರೀಕ್ಷೆ. ಮನೆಯೊಡತಿ ಒಳಗಿನಿಂದ ಎರಡು ಸಲ ಇಣುಕಿ ಹೋಗಿದ್ದಳು. ಕೆಲಸ ಆಗದಿದ್ದರೆ ಕೋಣೆ ಬೇರೆಯವರಿಗೆ ಎಂದು ಮೊದಲೇ ಹೇಳಿದ್ದಳು.

ಕರಿಬಸಪ್ಪ ಬಂದ. ಅವಳ ಮುಖ ನೋಡಿದ. ಬಟ್ಟೆಯ ಗುಡ್ಡೆ ನೋಡಿದ. ಏನೋ ಒಂದರ ಜೊತೆ ಒಳಗೊಳಗೇ ಜಗಳವಾಡಿದಂತೆ ಅವನ ದವಡೆ ಬಿಗಿಯಿತು.

ಆಮೇಲೆ ಕೋಟು ಬಿಚ್ಚಿ ಗೋಡೆಯ ಮೇಲಿಟ್ಟ. ತೋಳು ಮಡಚಿದ.

“ನೀವು ಓದ್ರಿ.”

ಅಷ್ಟೇ. ಯಂತ್ರದ ಹಿಡಿ ತಿರುಗತೊಡಗಿತು. ಅವಳು ಮೆಟ್ಟಿಲ ಮೇಲೆ ಪುಸ್ತಕ ಬಿಡಿಸಿದಳು. ಅಕ್ಷರಗಳು ಮಂಜಾದವು. ಕೆಮ್ಮಿನಿಂದಲ್ಲ. ಯಾರೋ ತನ್ನ ಭಾರ ಎತ್ತಿಕೊಂಡದ್ದು ಅವಳ ಬದುಕಿನಲ್ಲಿ ಅದೇ ಮೊದಲು.

‘ಪರೀಕ್ಷಾ ಮುಗಿದ ದಿನಾನ ಹೇಳತೇನಿ. ಆ ಕಲ್ಲುಬೆಂಚಿನ ಮ್ಯಾಲೆ ಕುಂತು ಹೇಳತೇನಿ...’

ಇಳಿಹೊತ್ತಿಗೆ ಕೊನೆಯ ಚಾದರ ಹಗ್ಗಕ್ಕೇರಿತು. ಆಗಲೇ ಓಣಿಯ ಬಾಯಲ್ಲಿ ನಗು ಕೇಳಿಸಿತು. ಹೈದರಾಬಾದಿನಿಂದ ಆ ವರ್ಷ ಬಂದಿದ್ದ, ಕನ್ನಡ ಬಲ್ಲ ಇನ್ನೊಬ್ಬ ವಿದ್ಯಾರ್ಥಿ, ಗೆಳೆಯರ ಜೊತೆ ಸಿನಿಮಾಕ್ಕೆ ಹೊರಟವನು, ಅಲ್ಲಿ ನಿಂತಿದ್ದ. ಊರಿಗೆ ವಾರವಾರ ಸುದ್ದಿ ಮುಟ್ಟಿಸುವವನು ಎಂದು ಎಲ್ಲರಿಗೂ ಗೊತ್ತಿತ್ತು.

“ಏನ್ರೀ ನವಾಬರ, ಬಾಯಾರ ಮನಿ ಅಗಸರಾದ್ರಿ? ಲಗ್ನ ಯಾವಾಗ?”

ಪಂಪಾವತಿಗೆ ಆ ಅಧಿಕಾರಿಯ ಮಾತು ಕೇಳಿಸಿತು. ಏನಾದರೂ ಮಾತು ಬಂದರೆ ಆ ಬಾಗಿಲು ಮುಚ್ಚಿತೆಂದೇ ತಿಳಿಯಿರಿ... ಬೆನ್ನ ಹಿಂದಿನ ಆ ಹುಡುಗಿಯರೆಲ್ಲ ಒಮ್ಮೆಲೇ ಅವಳ ಸೆರಗು ಜಗ್ಗಿದಂತಾಯಿತು.

ಅವಳು ಎದ್ದು ನಿಂತಳು. ತನ್ನದೇ ದನಿ ತನಗೆ ಬೇರೆಯವರದಂತೆ ಕೇಳಿಸಿತು.

“ಇವರು ಯಾರೋ ನನಗ ಗೊತ್ತಿಲ್ಲ. ಕೆಲಸಿಲ್ಲದವರು ಓಣಿ ಓಣಿ ತಿರಗತಾರ. ಇವತ್ತ ಕೈಗೆ ಒಂದು ಕೆಲಸ ಕೊಟ್ಟೆ, ಅಷ್ಟ.”

ಗೆಳೆಯರ ಗುಂಪು ನಗುತ್ತ ಮುಂದೆ ಹೋಯಿತು.

ಕರಿಬಸಪ್ಪ ತೋಳು ಇಳಿಸಿದ. ಗುಂಡಿ ಹಾಕಿಕೊಂಡ. ಕೋಟು ಎತ್ತಿಕೊಂಡ. ಬೈಯಲಿಲ್ಲ, ತಿರುಗಿ ನೋಡಲಿಲ್ಲ. ಚಾದರಗಳ ಕೆಳಗೆ ತಲೆ ತಗ್ಗಿಸಿ, ಒಂದನ್ನೂ ಮುಟ್ಟದೆ ಹೊರಟುಹೋದ.

ಗೋಡೆಯ ಮೇಲೆ ಅಗಸಿ ಹಿಂಡಿಯ ಡಬ್ಬಿ ಉಳಿಯಿತು.

ಮುಂದಿನ ಸೋಮವಾರ ಅವನು ಬರಲಿಲ್ಲ. ಅದರ ಮುಂದಿನ ಸೋಮವಾರವೂ ಬರಲಿಲ್ಲ.

ಅವನು ಎಲ್ಲಿರುತ್ತಾನೆ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಹೆಣ್ಣುಮಗಳು ಕೇಳುವ ಮಾತಲ್ಲ ಅಂದುಕೊಂಡಿದ್ದಳು. ಒಮ್ಮೆ ಧೈರ್ಯ ಮಾಡಿ ಅವನು ಓದುವ ಕಟ್ಟಡದವರೆಗೆ ಹೋದಳು. ಮೆಟ್ಟಿಲ ಮೇಲೆ ಆ ಹೈದರಾಬಾದಿನವನು ನಿಂತಿದ್ದ. ಅವಳು ಅಲ್ಲಿಂದಲೇ ತಿರುಗಿದಳು.

ಪರೀಕ್ಷೆ ಪಾಸಾಯಿತು. ಯುದ್ಧದ ಮೋಡ ಕವಿಯುತ್ತಿತ್ತು. ಸಿಕ್ಕ ಮೊದಲ ಹಡಗಿಗೆ ಹೊರಟು ಬನ್ನಿ ಎಂದು ಸರಕಾರದ ಅಪ್ಪಣೆಯಾಯಿತು. ಹಡಗು ದಂಡೆ ಬಿಡುವಾಗ ಎಲ್ಲರೂ ಕೈ ಬೀಸುತ್ತಿದ್ದರು. ಅವಳ ಕೈಯಲ್ಲಿ ಆ ಡಬ್ಬಿ ಇತ್ತು.

ಬಾಗಿಲು ತೆರೆಯಿತು. ಅದಕ್ಕೆ ಅವಳು ಕೊಟ್ಟದ್ದೇನು ಎಂದು ಯಾರಿಗೂ ತಿಳಿಯಲಿಲ್ಲ.

ಕೊಪ್ಪಳದ ಹೆಣ್ಣುಮಕ್ಕಳ ಸಾಲೆಗೆ ಅವಳು ಮುಖ್ಯ ಅಕ್ಕೋರಾದಳು. ಮೊದಮೊದಲು ಖಾಲಿ ಚಾಪೆಗಳು. ಆಮೇಲೆ ಚಾಪೆ ಸಾಲದೆ ಹುಡುಗಿಯರು ಪಡಸಾಲೆಯಲ್ಲಿ ಕೂರುವಂತಾಯಿತು. ಒಬ್ಬಳು ಹೈದರಾಬಾದಿಗೆ ಓದಲು ಹೋದಳು. ನಿಜಾಮರ ರಾಜ್ಯದಲ್ಲಿ ಶುಕ್ರವಾರ ಸರಕಾರಿ ರಜೆ. ಪಂಪಾವತಿಗೆ ಅದೂ ಇಲ್ಲ. ಕಲಿಕೆಯಲ್ಲಿ ಹಿಂದುಳಿದವರನ್ನು ಮನೆಗೇ ಕರೆಸಿಕೊಂಡು ಕಲಿಸುತ್ತಿದ್ದಳು.

ಮಕ್ಕಳನ್ನು ಮನೆಮನೆಯಿಂದ ಕರೆತರುವ ಆಯಾ ಹಜರತಬೀ ಸುಮ್ಮನಿರುವವಳಲ್ಲ.

“ಗಾಣದ ಎತ್ತಿಗೂ ಕಣ್ಣಪಟ್ಟಿ ಬಿಚ್ಚೂ ಹೊತ್ತು ಅಂತ ಇರತೈತಿ ಅಕ್ಕೋರ. ನಿಮಗ ಅದೂ ಇಲ್ಲ.”

ಅಪ್ಪ ವರ ತಂದ, ಅವಳು ಒಲ್ಲೆ ಎಂದಳು. ಮತ್ತೆ ತಂದ, ಮತ್ತೆ ಒಲ್ಲೆ ಎಂದಳು. ಕೊನೆಗೆ ಅಮರಪ್ಪ ಕೇಳುವುದನ್ನೇ ಬಿಟ್ಟ.

ಇಟಗಿಯವನೊಬ್ಬ ವಿಲಾಯತಿಯಿಂದ ಬಂದು ಗಂಗಾವತಿಯ ಕಡೆ ಕೃಷಿ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದ್ದಾನೆ ಎಂದು ಒಂದು ದಿನ ಕಚೇರಿಯಲ್ಲಿ ಯಾರೋ ಅಂದರು. ಅವಳ ಕೈಯ ಸೀಮೆಸುಣ್ಣದ ಕಡ್ಡಿ ಮುರಿಯಿತು. ತನ್ನ ತವರಿನಲ್ಲೇ ಇದ್ದಾನೆ. ಬಂದು ನೋಡಲಿಲ್ಲ. ಯಾಕೆ ನೋಡಬೇಕು? ಹೋಗಬೇಕಾದವಳು ನಾನು... ಯಾವ ಮುಖ ಹೊತ್ತು ಹೋಗಲಿ?

ನಲವತ್ತೆರಡರ ಬೇಸಿಗೆಯಲ್ಲಿ ಹಳ್ಳಿಗಳಲ್ಲೂ ಹೆಣ್ಣುಮಕ್ಕಳ ಸಾಲೆ ತೆರೆಯುವ ಮಾತು ಬಂತು. ಮೊದಲು ಒಂದು ಊರು ಆರಿಸಬೇಕಿತ್ತು. ಯಲಬುರ್ಗಾ ತಾಲೂಕಿನ ಅಷ್ಟು ಊರುಗಳಲ್ಲಿ ಪಂಪಾವತಿ ಇಟಗಿ ಎಂದಳು. ಅದೇ ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವಳು ಸುಳ್ಳು ಹೇಳಬೇಕಾಗುತ್ತಿತ್ತು.

ರೈಲಿಳಿದು, ಬಂಡಿಯಲ್ಲಿ ಇಟಗಿ ಮುಟ್ಟಿದಾಗ ಭಾನುವಾರದ ಮಧ್ಯಾಹ್ನ. ಊರ ಹಿರಿಯರು ಅವಳನ್ನು ಇಳಿಸಿದ್ದು ಕರಿಬಸಪ್ಪನ ಮನೆಗೇ. ವಿಲಾಯತಿ ಕಂಡು ಬಂದವರ ಮನೆ, ಓದಿದ ಬಾಯಾರಿಗೆ ಅದೇ ಸರಿ ಎಂಬುದು ಅವರ ಲೆಕ್ಕ. ಮಗ ಮನೆಯಲ್ಲಿರಲಿಲ್ಲ. ಅವನವ್ವ ಹೊಳಿಯಮ್ಮ ಬಾಗಿಲಲ್ಲಿ ನೀರು ಕೊಟ್ಟು ಬರಮಾಡಿಕೊಂಡಳು.

ಸಂಜೆ ಓಣಿಯ ಹೆಣ್ಣುಮಕ್ಕಳು ಪಡಸಾಲೆಯಲ್ಲಿ ಕೂಡಿದರು. ಓದಿದರೆ ಹುಡುಗಿಯರಿಗೆ ಗಂಡು ಸಿಗುವುದಿಲ್ಲ ಎಂದು ಒಬ್ಬಳು ಅಂದಳು. ಈ ಬಾಯಾರಿಗೆ ಸಿಕ್ಕಿಲ್ಲ ನೋಡು ಎಂದು ಇನ್ನೊಬ್ಬಳು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ಪಂಪಾವತಿ ತಲೆ ತಗ್ಗಿಸಿದಳು. ಹೊಳಿಯಮ್ಮ ಗದರಿಸಿದಳು. ನನ್ನ ಮಗ ಸಮುದ್ರ ದಾಟಿ ಬಂದಾನ, ನಿಮ್ಮ ಹುಡುಗಿಯರು ಈ ಓಣಿಯನ್ನಾದರೂ ದಾಟಲಿ ಎಂದಳು. ಕೊನೆಗೆ ಕೆಲವು ತಾಯಂದಿರು ಹೂಂ ಅಂದರು.

ಬಂದ ಕೆಲಸ ಆಯಿತು. ಬೆಳಗ್ಗೆ ಎದ್ದು ಹೊರಟರೆ ಅವನ ಕಣ್ಣಿಗೆ ಬೀಳದೆ ಹೋಗಬಹುದು ಎಂದುಕೊಂಡಳು. ಹೇಡಿತನ ಅದು. ಅವಳಿಗೂ ಗೊತ್ತಿತ್ತು.

ಬೆಳಗಾಯಿತು. ನಿನ್ನೆ ಕರೆತಂದಿದ್ದ ಬಂಡಿಯ ಮುದುಕಪ್ಪ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಎತ್ತುಗಳು ಬೇವಿನ ಮರದಡಿ ಮಲಗಿ ಮೆಲುಕು ಹಾಕುತ್ತಿದ್ದವು.

“ಬಂಡಿ ಹೂಡೂದಿಲ್ಲೇನಪ್ಪಾ?”

“ಇವತ್ತ ಸ್ವಾಮಾರ ರೀ ಅಕ್ಕೋರ. ಬಸವಣ್ಣನ ವಾರ. ಎತ್ತಿನ ಹೆಗಲು ಮುಟ್ಟೂದಿಲ್ಲ ನಾವು.”

ಅವಳು ಬೇಡಿಕೊಂಡಳು. ಸಾಲೆ ಇದೆ, ಮಕ್ಕಳು ಕಾಯುತ್ತಾರೆ ಎಂದಳು.

“ನಿಮ್ಮ ಸಾಲಿ ಒಂದಿನಕ್ಕ ಮುಳುಗೂದಿಲ್ಲರಿ. ನಾಳೆ ನಸುಕಿನ್ಯಾಗ ಹೋಗೂಣು.”

ಇಡೀ ಊರಿನಲ್ಲಿ ಒಂದು ಬಂಡಿಯೂ ಅಲುಗಲಿಲ್ಲ.

ಸುಮ್ಮನೆ ಕೂರುವುದು ಅವಳಿಗೆ ಬಾರದ ವಿದ್ಯೆ. ಹೊಳಿಯಮ್ಮನ ಕೈಯಿಂದ ಮೊರ ಇಸಿದುಕೊಂಡು ತೊಗರಿ ಹಸನು ಮಾಡಲು ಕೂತಳು. ಆ ಮುದುಕಿ ಸ್ವಲ್ಪ ಹೊತ್ತು ಅವಳ ಬೆರಳುಗಳನ್ನೇ ನೋಡಿದಳು. ಆಮೇಲೆ ಮೊರವನ್ನು ಮೆಲ್ಲಗೆ ಸರಿಸಿ, ತನ್ನ ಮಗನೂ ಸಣ್ಣವನಿದ್ದಾಗ ಹೀಗೇ ಚಡಪಡಿಸುತ್ತಿದ್ದ ಎಂದು ಮಾತು ತೆಗೆದಳು.

ಅವನನ್ನು ದೊಡ್ಡ ಸಾಲೆಗೆ ಕೊಪ್ಪಳಕ್ಕೆ ಬಿಡಬೇಕಿತ್ತಂತೆ. ಬೆಳಗಾದರೆ ಹೊರಡಬೇಕು. ಬಿತ್ತನೆ ಇನ್ನೂ ಮುಗಿದಿರಲಿಲ್ಲ. ಹದ ಹೋಗುತ್ತದೆ ಎಂದು ಅವನಪ್ಪ ಸೋಮವಾರವೇ ಕೂರಿಗೆ ಹೂಡಿದ. ಬೇಡ ಎಂದವರ ಮಾತು ಕೇಳಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕೆಂದೆತ್ತು ಸಾಲಿನಲ್ಲೇ ಕುಸಿಯಿತು. ಮತ್ತೆ ಏಳಲಿಲ್ಲ. ಅವನು ಹಾಲು ಕುಡಿಯುವ ಕಾಲದಿಂದ ಜೊತೆಗೆ ಬೆಳೆದ ಎತ್ತು ಅದು.

“ತನ್ನ ಸಾಲಿ ಸಲುವಾಗಿ ಸತ್ತಿತಂತ ಭಾಳ ಅತ್ತನವ್ವ. ಆವತ್ತಿನಿಂದ ಸ್ವಾಮಾರ ಅಂದ್ರ ಒಂದು ಕಡ್ಡಿ ಇತ್ತಿಂದ ಅತ್ತ ಇಡಾಂವಲ್ಲ. ಮಂದಿ ಸೋಮಾರಿ ಅಂದ್ರು. ಅನ್ನಲಿ ಅಂದ.”

ಗೋಡೆಗೆ ಒರಗಿ ನಿಲ್ಲುತ್ತಿದ್ದ ಆ ಮನುಷ್ಯ... ಒಂದು ಬಕೆಟ್ ನೀರೂ ಎತ್ತಿಕೊಡದ ಆ ಮನುಷ್ಯ...

“ಒಮ್ಮೆಯೂ ತಪ್ಪಲಿಲ್ಲೇನಮ್ಮಾ?”

“ವಿಲಾಯತಿಯೊಳಗ ಒಂದ ಸಲ ತಪ್ಪಿದ್ನಂತ. ಬಂದ ಕೂಡಲೆ ಬಸವಣ್ಣಗ ತಪ್ಪುಗಾಣಿಕಿ ಇಟ್ಟು ಬಂದ. ಯಾಕ ತಪ್ಪಿದ್ಯೋ ಅಂತ ಕೇಳಿದೆ. ಇನ್ನೊಬ್ಬರ ಹೆಗಲಿನ ನೊಗ ಭಾಳ ಭಾರ ಇತ್ತು ಯವ್ವಾ, ನೋಡಿ ನಿಲ್ಲಾಕ ಆಗಲಿಲ್ಲ ಅಂದ. ಅವರು ಯಾರಂತ ಹೇಳಲಿಲ್ಲ.”

ಪಂಪಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನು ಅವಳಿಗಾಗಿ ಮುರಿದದ್ದು ಒಂದು ದಿನದ ಬಿಡುವಲ್ಲ, ಒಂದು ಸಾವಿಗೆ ಕೊಟ್ಟ ಮಾತು. ಅದರ ಮೇಲೆ ಅವಳು ಅಂದದ್ದು... ಕೈಗೆ ಒಂದು ಕೆಲಸ ಕೊಟ್ಟೆ, ಅಷ್ಟ.

ಹೊಳಿಯಮ್ಮ ಅವಳ ಮುಖವನ್ನು ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಏನೂ ಕೇಳದೆ, ದನಗಳಿಗೆ ನೀರು ತೋರಿಸಿ ಬರುತ್ತೇನೆ ಎಂದು ಎದ್ದಳು. ಹೊಸ್ತಿಲಲ್ಲಿ ನಿಂತು, ತಾನಾಗಿಯೇ ಇನ್ನೊಂದು ಮಾತು ಹೇಳಿದಳು. ಮಗ ಶುಕ್ರವಾರದ ರಜೆಯಲ್ಲೂ ದುಡಿದು, ಸಾಹೇಬನ ಹತ್ತಿರ ಸೋಮವಾರದ ರಜೆ ಬೇಡಿ ಇಸಿದುಕೊಂಡಿದ್ದಾನಂತೆ. ಬಂಡಿ ಇರುವುದಿಲ್ಲ, ರೈಲಿಳಿದು ನಡೆದೇ ಬರುತ್ತಾನಂತೆ. ಬರುವ ಹೊತ್ತಾಯಿತು.

ಪಂಪಾವತಿ ಚೀಲ ಎತ್ತಿಕೊಂಡಳು. ನಡೆದೇ ಹೋಗಿಬಿಡಬೇಕು. ಈ ಮುಖ ಅವನಿಗೆ ತೋರಿಸಬಾರದು...

ಬಾಗಿಲಲ್ಲಿ ನೆರಳು ಬಿತ್ತು.

ಧೂಳು ಮೆತ್ತಿದ ಕಾಲು. ಹೆಗಲ ಮೇಲೆ ವಲ್ಲಿ. ಮೀಸೆಯಲ್ಲಿ ಒಂದೆರಡು ಬಿಳಿ ಕೂದಲು. ಅವನು ಅವಳನ್ನು ನೋಡಿದ. ಅವಳ ಕೈಯ ಚೀಲವನ್ನು ನೋಡಿದ.

“ಬಂಡಿ ಸಿಗಲಿಲ್ಲೇನ್ರಿ ಬಾಯಾರ?” ಎಂದ ಮೆಲ್ಲಗೆ.

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಳು ತಾನೇ ಬಂತು.

ಅವಳು ಎಲ್ಲ ಹೇಳಿದಳು. ಅಧಿಕಾರಿಯ ಮಾತು, ಬೆನ್ನ ಹಿಂದೆ ನಿಂತ ಹುಡುಗಿಯರು, ಆ ನಗುವಿಗೆ ಹೆದರಿದ್ದು, ಮೆಟ್ಟಿಲಿನಿಂದ ತಿರುಗಿ ಬಂದದ್ದು. ಇದರಿಂದ ತಪ್ಪು ಮುಚ್ಚುವುದಿಲ್ಲ, ಆದರೂ ಕೇಳಿ ಎಂದಳು. ಅವನು ಕಂಬಕ್ಕೆ ಒರಗಿ ನಿಂತು ಕೇಳಿದ. ಅದೇ ಹಳೆಯ ನಿಲುವು.

“ನೋವಾಗಲಿಲ್ಲ ಅಂದ್ರ ಸುಳ್ಳಾಗತೈತಿ,” ಎಂದ ಕೊನೆಗೆ. “ಭಾಳ ನೋವಾತು. ಆದ್ರ ನೀವು ಆ ಮಾತು ಆಡೂ ಹೊತ್ತಿಗೆ ನಿಮ್ಮ ಕೈ ನಡಗತಿತ್ತು. ಅದನ್ನೂ ನೋಡಿದ್ದೆ.”

“ಮತ್ತ ಯಾಕ ಬರಲಿಲ್ಲ?”

“ಬಂದಿದ್ರ ಮತ್ತೊಬ್ಬಾಂವ ನೋಡತಿದ್ದ. ನೀವು ಹೆದರಿದ್ದು ಖರೇ ಆಗತಿತ್ತು. ನಿಮ್ಮ ಪರೀಕ್ಷಾದ ಫಲ ಬರಲಿ ಅಂತ ತಡದೆ. ಪಾಸಾದ್ರಿ ಅಂತ ಕೇಳಿ ಮುಂದಿನ ಸ್ವಾಮಾರನ ಬಂದೆ. ನೀವು ಹಡಗು ಹತ್ತಿದ್ರಿ.”

“ಇಲ್ಲಿಗೆ ಬಂದ ಮ್ಯಾಲೆ?”

ಅವನು ನೆಲ ನೋಡಿದ.

“ನೀವು ದೊಡ್ಡ ಅಕ್ಕೋರಾಗಿದ್ರಿ. ಯಾರೋ ಗೊತ್ತಿಲ್ಲ ಅಂತ ಮತ್ತೊಮ್ಮೆ ಅಂದಿದ್ರ... ಅಷ್ಟು ಗಟ್ಟಿ ಇಲ್ಲರಿ ನಾನು.”

ಪಂಪಾವತಿ ಚೀಲದೊಳಗೆ ಕೈ ಹಾಕಿದಳು. ತುಕ್ಕು ಹಿಡಿದ ಸಣ್ಣ ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟಳು. ಅವನು ಅದನ್ನು ಗುರುತಿಸಿದ. ಬೇವಿನಡಿ ಮಲಗಿದ ಎತ್ತಿನ ಕೊರಳ ಗಂಟೆ ಆಗೊಮ್ಮೆ ಈಗೊಮ್ಮೆ ಅಲುಗುತ್ತಿತ್ತು.

ಅವಳು ಕಣ್ಣೊರೆಸಿಕೊಂಡು, ಅಭ್ಯಾಸದಂತೆ, ಪಕ್ಕದ ಮೊರಕ್ಕೆ ಕೈ ಚಾಚಿದಳು.

“ಪಂಪಾವತಿ,” ಎಂದ ಅವನು. ಹೆಸರು ಹಿಡಿದು ಅವನು ಕರೆದದ್ದು ಅದೇ ಮೊದಲು. “ಇವತ್ತ ಬ್ಯಾಡ.”

ಅವಳು ಕೈ ಹಿಂದೆ ತೆಗೆದುಕೊಂಡಳು. ಕಟ್ಟೆಯ ಮೇಲೆ ಕೂತಳು. ಎರಡೂ ಕೈ ಮಡಿಲಲ್ಲಿ ಖಾಲಿಯಾಗಿ ಮಲಗಿದವು. ಬೆನ್ನ ಹಿಂದೆ ಯಾರೂ ನಿಂತಂತೆ ಅನಿಸಲಿಲ್ಲ. ಅವರೆಲ್ಲ ಈಗ ಬಾಗಿಲೊಳಗೆ ಬಂದಿದ್ದರು.

“ಎಷ್ಟ ಹೊತ್ತು ಹಿಂಗ ಕುಂಡ್ರಬೇಕು?” ಎಂದಳು.

“ಎತ್ತು ಅದನ್ನ ಕೇಳೂದಿಲ್ಲ.”

ಅವಳು ನಕ್ಕಳು. ಈ ಸಲ ನಕ್ಕದ್ದಕ್ಕೆ ಹೆದರಿಕೆಯಾಗಲಿಲ್ಲ.

ಅವನು ಸ್ವಲ್ಪ ದೂರ ಬಿಟ್ಟು ಕೂತ. ವಲ್ಲಿಯ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಕೊನೆಗೆ ಕೇಳಿದ.

“ಗಂಗಾವತಿಯೊಳಗ ನಿಮ್ಮ ಅಪ್ಪಾರ ಅಂಗಡಿ ಎಲ್ಲಿ ಬರತೈತಿ? ನಾಳೆ ಮಂಗಳವಾರ ಹೋಗಿ ಮಾತಾಡಲೇನು?”

“ಮಂಗಳವಾರ ಬ್ಯಾಡ್ರಿ. ಅಪ್ಪಗ ಪುರಸೊತ್ತು ಇರೂದಿಲ್ಲ.”

“ಮತ್ತ ಯಾವಾಗ?”

“ಮುಂದಿನ ಸ್ವಾಮಾರ ಹೋಗ್ರಿ.”

“ಸ್ವಾಮಾರ ನಾ ಏನೂ ಕೆಲಸ ಮಾಡೂದಿಲ್ಲಲ್ಲ.”

ಪಂಪಾವತಿ ಡಬ್ಬಿಯನ್ನು ಅವನ ಕಡೆ ಸರಿಸಿದಳು.

“ಇದು ಕೆಲಸ ಅಲ್ಲರಿ,” ಎಂದಳು.